ಹಲವರ ಹೆಗಲ ಮೇಲೆ ನಿಂತ ಸಂಸ್ಥೆ: ಅಮ್ಮೆಂಬಳ ಸುಬ್ಬರಾವ್ ಪೈ ಅವರ ಬದುಕು

ಹತ್ತು ಜನ ಕೂಡಿದರೆ ಯಾವ ಕೆಲಸವೂ ಹಗುರವಾಗುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ಹತ್ತು ಜನರನ್ನು ಕೂಡಿಸುವುದು, ಕೂಡಿದವರನ್ನು ಒಂದು ಮಾತಿಗೆ ತರುವುದು, ಒಪ್ಪಿದ ಮಾತನ್ನು ಅವರವರ ಕೈಯಿಂದಲೇ ನಡೆಸುವುದು ಎಷ್ಟು ಕಷ್ಟವೆಂಬುದು ಸಂಘಸಂಸ್ಥೆಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಊರೂರಲ್ಲಿ ಒಬ್ಬ ಸಮರ್ಥರ ಹುಮ್ಮಸ್ಸಿನಿಂದ ಸಂಸ್ಥೆಗಳು ಹುಟ್ಟುತ್ತವೆ. ಅವರಿರುವಷ್ಟು ಕಾಲ ಬೆಳೆಯುತ್ತವೆ. ಅವರು ಕಣ್ಮರೆಯಾದ ಮೇಲೆ ಹಲವು ಸೊರಗುತ್ತವೆ. ಸ್ಥಾಪಕರಲ್ಲಿ ಶ್ರದ್ಧೆ ಕಡಿಮೆಯಿತ್ತೆಂದು ಹೀಗಾಗುವುದಿಲ್ಲ. ಇಡೀ ಭಾರವನ್ನು ಅವರೊಬ್ಬರೇ ಹೊತ್ತಿದ್ದರಿಂದ ಹೀಗಾಗುತ್ತದೆ.

ಶರಣ ಪರಂಪರೆಯನ್ನು ನೆನೆಯುವ ನಮಗೆ ಇದರ ಮರ್ಮ ಹೊಸದಲ್ಲ. ಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿದ ಬಸವಣ್ಣನವರು ಅದರ ಅಧ್ಯಕ್ಷಪೀಠವನ್ನು ತಾವು ಏರಲಿಲ್ಲ; ಶೂನ್ಯಸಿಂಹಾಸನದಲ್ಲಿ ಅಲ್ಲಮಪ್ರಭುಗಳು ಕುಳಿತರೆಂದು ಪರಂಪರೆ ಹೇಳುತ್ತದೆ. ಬೇರೆ ಬೇರೆ ಕಾಯಕಗಳ ಶರಣ ಶರಣೆಯರು ಅಲ್ಲಿ ಸರಿಸಮನಾಗಿ ಮಾತನಾಡಿದರು. ಕಟ್ಟಿದವರು ಹಿಂದೆ ನಿಂತು ಕೂಡಿದವರನ್ನು ಮುಂದೆ ಮಾಡುವ ಈ ಗುಣ ಯಾವ ಕಾಲದಲ್ಲಿ, ಯಾವ ಸಮಾಜದಲ್ಲಿ ಕಂಡರೂ ನಾವು ಅದನ್ನು ಗುರುತಿಸಿ ಗೌರವಿಸಬೇಕು. ಅಂಥ ಗುಣದ ಒಂದು ಬದುಕು ನೂರು ವರ್ಷಗಳಿಗೂ ಹಿಂದೆ ಮಂಗಳೂರಿನಲ್ಲಿ ನಡೆದುಹೋಯಿತು. ಕೆನರಾ ಶಾಲೆಗಳನ್ನೂ ಕೆನರಾ ಬ್ಯಾಂಕನ್ನೂ ನಾಡಿಗೆ ಕೊಟ್ಟ ಅಮ್ಮೆಂಬಳ ಸುಬ್ಬರಾವ್ ಪೈ ಅವರನ್ನು ಇಲ್ಲಿ ಸ್ಮರಿಸುತ್ತೇವೆ.

ಸುಬ್ಬರಾಯರು 1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದರು. ತಂದೆ ಉಪೇಂದ್ರ ಪೈ ಅವರು ವಕೀಲರು. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉನ್ನತ ವ್ಯಾಸಂಗಕ್ಕೆ ಕರಾವಳಿಯ ಹುಡುಗರು ಮದ್ರಾಸಿಗೇ ಹೋಗಬೇಕಿತ್ತು. ರೈಲು ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ ಎಂಬುದನ್ನು ನೆನೆದರೆ ಆ ಕಾಲದ ಪ್ರಯಾಣ ಎಂಥದಿದ್ದೀತೆಂದು ಊಹಿಸಬಹುದು. ಮಂಗಳೂರಿನ ಓದು ಮುಗಿಸಿದ ಸುಬ್ಬರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಕಾನೂನನ್ನೂ ಅಲ್ಲಿಯೇ ಅಭ್ಯಾಸ ಮಾಡಿದರು. ಅಲ್ಲಿ ನ್ಯಾಯಮೂರ್ತಿ ಹಾಲೊವೆ ಅವರ ಪ್ರಭಾವ ಅವರ ಮೇಲೆ ಆಳವಾಗಿ ಬಿದ್ದಿತು. ಆಮೇಲೆ ಮಂಗಳೂರಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಅಂದಿನ ಮಂಗಳೂರಿನ ವ್ಯಾಜ್ಯಗಳಲ್ಲಿ ಬಹುಪಾಲು ನೆಲಕ್ಕೆ, ಮನೆತನದ ಆಸ್ತಿಗೆ ಸಂಬಂಧಿಸಿದವು. ಮೂಲಗೇಣಿ, ಚಾಲಗೇಣಿಗಳ ತಕರಾರು, ಅಳಿಯಸಂತಾನ ಕುಟುಂಬಗಳ ಪಾಲಿನ ಪ್ರಶ್ನೆ, ಸಾಲಪತ್ರಗಳ ಜಗಳ ಇವೆಲ್ಲ ಕಚೇರಿಯ ಮೆಟ್ಟಿಲು ಹತ್ತಿ, ಮೇಲ್ಮನವಿಯಾಗಿ ಮದ್ರಾಸಿನವರೆಗೂ ಹೋಗುತ್ತಿದ್ದವು. ವರ್ಷಗಟ್ಟಲೆ ಓಡಾಡಿದ ಮೇಲೆ ಗೆದ್ದವನ ಕೈಯಲ್ಲೂ ಉಳಿಯುತ್ತಿದ್ದುದು ಅಲ್ಪವೇ. ಇಂಥ ವೃತ್ತಿಯ ನಡುವೆ ಸುಬ್ಬರಾಯರು ಕಕ್ಷಿಗಾರರನ್ನು ರಾಜಿಗೆ ಒಪ್ಪಿಸುವ ವಕೀಲರೆಂದು ಹೆಸರಾದರು. ವ್ಯಾಜ್ಯ ಬೆಳೆದಷ್ಟೂ ವಕೀಲನಿಗೆ ಲಾಭ. ಅದು ಮುಗಿದರೆ ಜನಕ್ಕೆ ಲಾಭ. ಅವರು ಎರಡನೆಯದನ್ನು ಆರಿಸಿಕೊಂಡರು.

ರಾಜಿ ಮಾಡಿಸುವುದು ತೀರ್ಪು ಕೊಟ್ಟಂತಲ್ಲ ಎಂಬುದನ್ನು ನಾವು ಗಮನಿಸಬೇಕು. ತೀರ್ಪು ಮೇಲಿನಿಂದ ಬರುತ್ತದೆ. ಸೋತವನು ಅದನ್ನು ಸಹಿಸಿಕೊಳ್ಳುತ್ತಾನೆ, ಒಪ್ಪುವುದಿಲ್ಲ. ರಾಜಿಯಾದರೋ ಇಬ್ಬರ ಒಳಗಿನಿಂದಲೇ ಬರಬೇಕು. ಅದಕ್ಕಾಗಿ ನಡುವೆ ನಿಂತವನು ಇಬ್ಬರ ಮಾತನ್ನೂ ಪೂರ್ತಿ ಕೇಳಬೇಕು. ಬಾಯಲ್ಲಿ ಆಡಿದ ಹಟದ ಹಿಂದೆ ಮನಸ್ಸಿನಲ್ಲಿರುವ ನಿಜವಾದ ಅಗತ್ಯವೇನೆಂದು ತಿಳಿಯಬೇಕು. ಯಾರ ಮಾನಕ್ಕೂ ಕುಂದು ಬಾರದಂತೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯುವ ದಾರಿ ತೋರಿಸಬೇಕು. ಇಂದು ಕಚೇರಿ, ಕಾರ್ಖಾನೆಗಳಲ್ಲಿ ಗುಂಪನ್ನು ನಡೆಸುವ ಕೌಶಲವೆಂದು ತರಬೇತಿ ಶಿಬಿರಗಳಲ್ಲಿ ಕಲಿಸುವುದು ಬಹುಮಟ್ಟಿಗೆ ಇದನ್ನೇ. ಸುಬ್ಬರಾಯರ ಮುಂದಿನ ಎಲ್ಲ ಕಾರ್ಯಗಳಿಗೆ ಈ ಅಭ್ಯಾಸವೇ ತಳಪಾಯವಾಯಿತೆಂದು ನಾವು ಭಾವಿಸುತ್ತೇವೆ.

1891ರಲ್ಲಿ ಅವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ನಗರದಲ್ಲಿ ಆಗಲೇ ವಿದ್ಯಾಸಂಸ್ಥೆಗಳಿದ್ದವು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನು ತೆರೆದಿದ್ದರು. 1880ರಲ್ಲಿ ಸೇಂಟ್ ಅಲೋಶಿಯಸ್ ಆರಂಭವಾಗಿತ್ತು. ಸರಕಾರಿ ಕಾಲೇಜೂ ಇತ್ತು. ಊರಿನವರು ತಾವೇ ಕೂಡಿ, ತಮ್ಮದೇ ಹಣ ಹಾಕಿ, ತಮ್ಮದೇ ಹೊಣೆಯಲ್ಲಿ ಒಂದು ಶಾಲೆಯನ್ನು ನಡೆಸಬಲ್ಲರೇ ಎಂಬುದು ಆಗಿನ ಪ್ರಶ್ನೆ. ಕೆನರಾ ಹೈಸ್ಕೂಲು ಅದಕ್ಕೆ ಉತ್ತರವಾಯಿತು. ಮೂರು ವರ್ಷಗಳ ನಂತರ, 1894ರಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು.

ಈ ಎರಡನೆಯ ಹೆಜ್ಜೆ ಹೆಚ್ಚು ಕಠಿಣವಾದುದು. ಗಂಡುಮಕ್ಕಳ ಓದಿಗೆ ಉದ್ಯೋಗದ ಆಸೆಯಿತ್ತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಆ ಕಾಲದ ಅನೇಕ ಮನೆಗಳು ಹಿಂಜರಿಯುತ್ತಿದ್ದವು. ಅಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಹಿರಿಯರ ಒಪ್ಪಿಗೆ. ಕಟ್ಟಡವನ್ನು ಒಬ್ಬ ಧನಿಕ ಕಟ್ಟಿಸಬಹುದು. ಮನೆಮನೆಯ ಒಪ್ಪಿಗೆಯನ್ನು ಯಾವ ಧನಿಕನೂ ಕೊಳ್ಳಲಾರ. ಬಸವಾದಿ ಶರಣರ ಕಾಲದಲ್ಲಿ ಹೆಣ್ಣಿನ ಮಾತಿಗೆ ಮಂಟಪದಲ್ಲಿ ಸ್ಥಾನ ದೊರೆತುದನ್ನು ಹೆಮ್ಮೆಯಿಂದ ನೆನೆಯುವ ನಾವು, ಕರಾವಳಿಯಲ್ಲಿ ಹೆಣ್ಣುಮಕ್ಕಳ ಅಕ್ಷರಕ್ಕಾಗಿ ನಡೆದ ಈ ಯತ್ನವನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಸುಬ್ಬರಾಯರ ಕಣ್ಣು ಆಮೇಲೆ ಹೋದದ್ದು ಹಣದ ಕಷ್ಟದ ಕಡೆಗೆ. ಮದುವೆ, ಕಾಯಿಲೆ, ಮಕ್ಕಳ ಓದು ಎಂದು ತುರ್ತು ಬಂದಾಗ ಸಾಧಾರಣ ಕುಟುಂಬ ಸಾಹುಕಾರನ ಬಾಗಿಲಿಗೇ ಹೋಗಬೇಕಿತ್ತು. ಒಡವೆ ಅಡವಿಟ್ಟರೆ ಬಡ್ಡಿ ಬೆಳೆದು ಒಡವೆಯೇ ಹೋಗುತ್ತಿತ್ತು. ಇತ್ತ ಕೈಯಲ್ಲಿ ನಾಲ್ಕು ಕಾಸು ಮಿಕ್ಕವರು ಅದನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳುತ್ತಿದ್ದರು. ಮಿಕ್ಕವರ ಹಣವನ್ನೂ ಕಷ್ಟದಲ್ಲಿದ್ದವರ ಅಗತ್ಯವನ್ನೂ ನಂಬಿಕೆಯಿಂದ ಜೋಡಿಸುವ ಒಂದು ಏರ್ಪಾಟು ಬೇಕಿತ್ತು.

1906ರ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭವಾಯಿತು. ತಲಾ 50 ರೂಪಾಯಿಗಳ 2,000 ಷೇರುಗಳು. ಕೆಲಸಕ್ಕೆ ನಾಲ್ವರು ಸಿಬ್ಬಂದಿ. ಇಷ್ಟೇ ಅದರ ಆರಂಭದ ಬಲ. ಈ ಅಂಕಿಗಳನ್ನು ನಾವು ಸುಮ್ಮನೆ ಓದಿ ಮುಂದೆ ಹೋಗಬಾರದು. ಐದಾರು ಶ್ರೀಮಂತರನ್ನು ಹಿಡಿದು ಬಂಡವಾಳ ಕೂಡಿಸುವ ದಾರಿಯೂ ಇತ್ತು. ಹಾಗೆ ಮಾಡಿದ್ದರೆ ಫಂಡ್ ಆ ಐದಾರು ಜನರದಾಗುತ್ತಿತ್ತು. 50 ರೂಪಾಯಿ ಅಂದಿನ ಸಾಧಾರಣ ಮನೆಗೆ ಸಣ್ಣ ಮೊತ್ತವಲ್ಲ. ಆದರೂ ಎಟುಕದ ಮೊತ್ತವೂ ಅಲ್ಲ. ಬೆವರು ಸುರಿಸಿ ಉಳಿಸಿದ ಹಣವನ್ನು ಹಾಕಿದವನು ಆ ಸಂಸ್ಥೆಯನ್ನು ಕಣ್ಣಿಟ್ಟು ಕಾಯುತ್ತಾನೆ, ಲೆಕ್ಕ ಕೇಳುತ್ತಾನೆ, ಸಭೆಗೆ ಬರುತ್ತಾನೆ. ಹೀಗೆ ಪಾಲಿನ ಜೊತೆಗೆ ಹೊಣೆಯೂ ಹಂಚಿಹೋಗುತ್ತದೆ.

ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಕಟ್ಟಿದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು. ಒಂದು ವರ್ಷ ಮೊದಲು, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಆರಂಭಿಸಿದ್ದರು. ಹತ್ತು ವರ್ಷಗಳ ಬಳಿಕ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡಿನಲ್ಲಿ, ಬೇರೆ ಬೇರೆ ಸಮಾಜಗಳ ಜನ ಒಂದೇ ಸತ್ಯವನ್ನು ಕಂಡುಕೊಳ್ಳುತ್ತಿದ್ದರು: ಕೂಡಿದರೆ ಮಾತ್ರ ಉಳಿವು.

ಫಂಡ್ ಹುಟ್ಟಿ ನಾಲ್ಕು ತಿಂಗಳಾಗುವಷ್ಟರಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಪ್ರಸಿದ್ಧ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ದಕ್ಷಿಣ ಭಾರತದ ಸಾವಿರಾರು ಕುಟುಂಬಗಳ ಉಳಿತಾಯ ಅದರೊಡನೆ ಮುಳುಗಿತು. ಅಷ್ಟು ದೊಡ್ಡ ಹೆಸರಿನ ಕಂಪನಿಯೇ ಬಿದ್ದ ಮೇಲೆ, ನಾಲ್ವರು ನೌಕರರ ಹೊಸ ಫಂಡನ್ನು ಜನ ಏಕೆ ನಂಬಬೇಕು? ಅಂಥ ಕಾಲದಲ್ಲೂ ಮಂಗಳೂರಿನ ಫಂಡ್ ನಿಂತಿತು. ಒಬ್ಬರ ಇಲ್ಲವೇ ಕೆಲವರ ನಿರ್ಧಾರದ ಮೇಲೆ ನಡೆಯುವ ವ್ಯವಹಾರದ ಒಳಗುಟ್ಟು ಹೊರಗಿನವರಿಗೆ ತಿಳಿಯುವುದಿಲ್ಲ; ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಪಾಲುದಾರರ ಮುಂದೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಯಲ್ಲಿ ಅಂಥ ಕತ್ತಲೆಗೆ ಎಡೆ ಕಡಿಮೆ. ಕೂಡಿ ನಡೆಸುವುದು ಕೇವಲ ಸೌಜನ್ಯವಲ್ಲ, ಅದು ಸಂಸ್ಥೆಯ ರಕ್ಷೆಯೂ ಹೌದು ಎಂಬುದು ಈ ಎರಡು ಸಂಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸ್ಪಷ್ಟವಾಗುತ್ತದೆ.

ಸುಬ್ಬರಾಯರು ಫಂಡಿಗೆ ಹಾಕಿಕೊಟ್ಟ ಧ್ಯೇಯಗಳಲ್ಲಿ ಹಣದ ಮಾತಿಗಿಂತ ಮನುಷ್ಯರ ಮಾತೇ ಹೆಚ್ಚು. ಅಜ್ಞಾನ ಮತ್ತು ಮೂಢನಂಬಿಕೆಗಳನ್ನು ಕಳೆಯುವುದು, ಎಲ್ಲರಲ್ಲಿ ವಿದ್ಯೆ ಹರಡುವುದು, ಉಳಿತಾಯದ ರೂಢಿ ಬೆಳೆಸುವುದು, ಕಷ್ಟದಲ್ಲಿರುವವರಿಗೆ ನೆರವಾಗುವುದು, ಸೇವಾಭಾವದಿಂದ ದುಡಿಯುವುದು, ಸಂಸ್ಥೆಯು ಸಮಾಜದ ಹಣದ ಹೃದಯವಷ್ಟೇ ಆಗದೆ ಅದರ ಅಂತಃಕರಣವೂ ಆಗುವುದು ಎಂಬ ಆಶಯಗಳು ಅವು. ಕಾಯಕದ ಫಲ ದಾಸೋಹಕ್ಕೆ ಸಲ್ಲಬೇಕೆಂದು ನಂಬಿದ ನಮಗೆ ಈ ಆಶಯಗಳು ಮನೆಯ ಮಾತಿನಂತೆಯೇ ಕೇಳುತ್ತವೆ. ಫಂಡ್ ತನ್ನ ಹೆಸರಿನಲ್ಲೇ ಸೂಚಿಸುವಂತೆ ಒಂದು ಸಮಾಜದ ವಲಯದಲ್ಲಿ ಹುಟ್ಟಿತು. ಪರಸ್ಪರ ಪರಿಚಯವಿರುವಲ್ಲಿ ನಂಬಿಕೆ ಬೇಗ ಮೂಡುವುದು ಸಹಜ. ಆದರೆ ಅದು ಆ ವಲಯದಲ್ಲಿಯೇ ನಿಲ್ಲಲಿಲ್ಲ.

1909ರ ಜುಲೈ 25ರಂದು ಸುಬ್ಬರಾಯರು ದೈವಾಧೀನರಾದರು. ಆಗ ಅವರಿಗೆ 56 ವರ್ಷ. ಫಂಡಿಗೆ ಕೇವಲ ಮೂರು. ಒಬ್ಬರ ಹೆಗಲ ಮೇಲೆ ನಿಂತ ಸಂಸ್ಥೆಯಾಗಿದ್ದರೆ ಅದರ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯಲಿಲ್ಲ. ಮರುವರ್ಷವೇ, 1910ರಲ್ಲಿ, ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು. 2020ರಲ್ಲಿ, ಅದೇ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಅದರಲ್ಲಿ ವಿಲೀನವಾಯಿತು. ಅವರು ತೆರೆದ ಶಾಲೆಗಳು ಮಂಗಳೂರಿನಲ್ಲಿ ಇಂದಿಗೂ ನಡೆಯುತ್ತಿವೆ. ತಾವು ಕಟ್ಟಿದ ಫಂಡ್ ಬ್ಯಾಂಕೆನಿಸಿಕೊಂಡುದನ್ನು ಅವರು ಕಾಣಲಿಲ್ಲ. ತಾವಿಲ್ಲದೆಯೂ ನಡೆಯುವಂತೆ ಅದನ್ನು ಕಟ್ಟಿದ್ದರು.

ಈ ಬದುಕಿನಿಂದ ನಾವು ಕಲಿಯಬೇಕಾದದ್ದು ಬ್ಯಾಂಕಿಂಗ್ ವ್ಯವಹಾರವನ್ನಲ್ಲ. ಕಚೇರಿಯಲ್ಲಿ ಹತ್ತು ಜನರ ತಂಡವನ್ನು ನಡೆಸುವವರು, ಬಸವ ಕೇಂದ್ರದ ಸಮಿತಿಯಲ್ಲಿರುವವರು, ಮಹಿಳಾ ಸಂಘದ ತಾಯಂದಿರು, ಯುವಕ ಸಂಘದ ತರುಣರು ಇವರೆಲ್ಲರ ನಿತ್ಯದ ಕೆಲಸಕ್ಕೆ ಬೇಕಾದ ಕೆಲವು ಮಾತುಗಳು ಅದರಲ್ಲಿವೆ. ಸಭೆ ಕರೆದವರು ಮೊದಲು ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸಿ ಎದ್ದುಹೋಗುತ್ತಾರೆ. ಆದ್ದರಿಂದ ಮುಂದಾಳು ಕೊನೆಗೆ ಮಾತನಾಡಲಿ, ಕಿರಿಯರೂ ಮೌನವಾಗಿ ಕುಳಿತವರೂ ಮೊದಲು ಮಾತನಾಡಲಿ. ಭಿನ್ನಾಭಿಪ್ರಾಯ ಎದ್ದಾಗ ಮತ ಎಣಿಸುವ ಅವಸರ ಬೇಡ. ವಕೀಲ ಸುಬ್ಬರಾಯರ ರಾಜಿಯ ದಾರಿಯನ್ನು ಮೊದಲು ಯತ್ನಿಸೋಣ. ಎಷ್ಟು ಚಿಕ್ಕದಾದರೂ ಪ್ರತಿಯೊಬ್ಬರಿಗೂ ಒಂದು ಪಾಲು, ಒಂದು ಹೊಣೆ ಇರಲಿ. ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಎಂದಿನೊಳಗೆ ಮಾಡಬೇಕು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಅಲ್ಲಿಯೇ ಬರೆದು ಓದಿ ಹೇಳೋಣ. ಲೆಕ್ಕಪತ್ರ ಕೇಳಿದವರಿಗೆಲ್ಲ ತೆರೆದಿರಲಿ. ಕೇಳಿದವರನ್ನು ಅನುಮಾನದಿಂದ ನೋಡುವುದು ಬೇಡ.

ಎಲ್ಲಕ್ಕಿಂತ ಕಠಿಣವಾದುದು ಕೈಬಿಡುವುದನ್ನು ಕಲಿಯುವುದು. ನಮ್ಮಿಂದಲೇ ನಡೆಯುತ್ತಿದೆ ಎಂಬ ಭಾವನೆ ಸೇವೆಯ ವೇಷದಲ್ಲೇ ಬರುತ್ತದೆ. ಅದು ಅಹಂಕಾರವೆಂದು ನಮಗೆ ಕೂಡಲೇ ತಿಳಿಯುವುದಿಲ್ಲ. ನಾವು ಒಂದು ತಿಂಗಳು ಊರಲ್ಲಿ ಇಲ್ಲದಿದ್ದರೆ ನಮ್ಮ ಸಂಘದ ಕೆಲಸ ನಡೆಯುತ್ತದೆಯೇ ಎಂದು ಪ್ರತಿಯೊಬ್ಬ ಪದಾಧಿಕಾರಿಯೂ ತನ್ನನ್ನು ಕೇಳಿಕೊಳ್ಳಲಿ. ನಡೆಯದು ಎಂಬ ಉತ್ತರ ಬಂದರೆ ಹೆಮ್ಮೆಪಡುವುದು ಬೇಡ; ಅದೇ ದಿನ ಇನ್ನೊಬ್ಬರನ್ನು ಜೊತೆಗೆ ಕರೆದು ಕೆಲಸ ಕಲಿಸಲು ಆರಂಭಿಸೋಣ. ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದು.