ಬುಕಾನನ್ ಕೇಳಿದ ಪ್ರಶ್ನೆಗಳು

ಪ್ರಾಜೆಕ್ಟಿಗೆ ಅಂತ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆಲ್ಲ ಕಳಿಸ್ತೇವಲ್ಲ, ಅಂಥದ್ದೇ ಕೆಲಸಕ್ಕೆ 1801ರಲ್ಲಿ ಒಬ್ಬ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆ ಬಂದಿದ್ದ. ಹೆಸರು ಫ್ರಾನ್ಸಿಸ್ ಬುಕಾನನ್.

ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, ಹಡಗಿನ ಡಾಕ್ಟರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇರಿದ. ಕೆಲಸ ಡಾಕ್ಟರದ್ದು, ಆಸಕ್ತಿ ಮಾತ್ರ ಗಿಡಮರಗಳಲ್ಲಿ.

1799ರಲ್ಲಿ ಟಿಪ್ಪು ಸತ್ತ. ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಅಂತ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಬುಕಾನನ್‌ನನ್ನು ಮದ್ರಾಸಿನಿಂದ ಹೊರಡಿಸಿದ. ಕೈಯಲ್ಲಿ ಒಂದು ಪಟ್ಟಿ: ಮೊದಲು ಬೇಸಾಯ, ಮತ್ತೆ ದನಕರು, ಹತ್ತಿ, ಕಾಳುಮೆಣಸು, ಗಂಧ, ಏಲಕ್ಕಿ, ಗಣಿ, ಕೈಕಸುಬು, ಹವೆ, ಜನರ ಸ್ಥಿತಿಗತಿ. ಮೆಣಸು, ಗಂಧ, ಏಲಕ್ಕಿ ಹೆಸರು ಹಿಡಿದು ಬಂದದ್ದು ಸುಮ್ಮನೆ ಅಲ್ಲ, ಕಂಪನಿ ಮಾರುವ ಮಾಲು ಅದು. ಏನು ಕೇಳಬೇಕು ಅಂತ ಆರಿಸುವಾಗಲೇ ಸರ್ವೆ ಒಂದು ಕಡೆ ವಾಲುತ್ತದೆ. ಇದನ್ನು ನಾವು ಗಮನಿಸೋದೇ ಇಲ್ಲ. ವಾಕ್ಯ ಸರಿ ಇದ್ದರೆ ಪ್ರಶ್ನೆ ಸರಿ ಅಂದ್ಕೊಳ್ತೇವೆ.

ಮಂಗಳೂರಿನಿಂದ ನೇತ್ರಾವತಿ ದಂಡೆಯಲ್ಲಿ ಬಂಟ್ವಾಳ, ಅಲ್ಲಿಂದ ಬೆಳ್ತಂಗಡಿ ಕಡೆ ಜಮಲಾಬಾದ್ ಕೋಟೆ, ವೇಣೂರು, ಮೂಡುಬಿದಿರೆ, ಕಾರ್ಕಳ. ಹೀಗೆ ದಾರಿ. ಆತನಿಗೆ ತುಳು ಬರದು, ಕನ್ನಡ ಬರದು, ಎಲ್ಲ ದುಭಾಷಿಯ ಬಾಯಲ್ಲೇ.

ಈಗ ಯೋಚಿಸಿ. ಗದ್ದೆಯಲ್ಲಿ ಎಷ್ಟು ಮುಡಿ ಅಕ್ಕಿಯಾಗುತ್ತೆ? ಇದರಲ್ಲಿ ಒಂದೂ ವಾಲುವ ಪದ ಇಲ್ಲ, ಶುದ್ಧ ಪ್ರಶ್ನೆ. ಆದ್ರೆ ಕೇಳುವವನು ಕಂಪನಿಯವ. ಕೆಲವೇ ತಿಂಗಳ ಹಿಂದೆ ಕಲೆಕ್ಟರ್ ಮನ್ರೋ ಇದೇ ಜಿಲ್ಲೆಯ ಕಂದಾಯ ಗೊತ್ತು ಮಾಡಿ ಹೋಗಿದ್ದ. ಹೆಚ್ಚು ಹೇಳಿದ್ರೆ ತೀರುವೆ ಏರೀತು ಅಂತ ಯಾವ ಒಕ್ಕಲಿಗನಿಗೆ ಅನಿಸ್ಲಿಕ್ಕಿಲ್ಲ? ಕಡಿಮೆ ಹೇಳುವುದೇ ಜಾಣತನ. ಟಿಪ್ಪು ಕಾಲ ಹೇಗಿತ್ತು ಅಂತ ಟಿಪ್ಪುವನ್ನು ಸೋಲಿಸಿದವರೇ ಕೇಳಿದರೂ ಅಷ್ಟೇ, ಯಾವ ಉತ್ತರ ಹಿತ ಅಂತ ಎದುರಿಗಿದ್ದವನಿಗೆ ಗೊತ್ತು. ಬುಕಾನನ್ ಪುಸ್ತಕದಲ್ಲಿ ಟಿಪ್ಪು ಬಗ್ಗೆ ಇರುವ ಕಟುಮಾತುಗಳನ್ನು ಓದುವಾಗ ಇದು ನೆನಪಿರಲಿ. ಅಲ್ಲಿ ಸುಳ್ಳೇ ಇದೆ ಅಂತಲ್ಲ, ಎಷ್ಟು ನಿಜ ಅಂತ ಆ ಉತ್ತರಗಳಿಂದಷ್ಟೇ ಅಳೆಯೋಕಾಗಲ್ಲ.

ಆದರೂ ಆತ ನಮಗಿಂತ ಒಂದು ಕೈ ಮೇಲು. ದಿನಚರಿಯ ಹಾಗೆ ದಿನ, ಊರು ಹಾಕಿ ಬರೆದ. ಹಲವು ಕಡೆ ಹೇಳಿದವರು ಬ್ರಾಹ್ಮಣರೋ ಜೈನರೋ ರೈತರೋ ಅಂತ ನಮೂದಿಸಿದ. ಜೈನರ ಸಂಗತಿಯನ್ನು ಜೈನರಿಂದಲೇ ಕೇಳಿ ತಿಳಿದ. ಹಾಗಾಗಿ ಇನ್ನೂರು ವರ್ಷ ಕಳೆದ ಮೇಲೂ ಯಾವ ಉತ್ತರ ಯಾವ ಕಡೆಯಿಂದ ಬಂತು ಅಂತ ಬೇರ್ಪಡಿಸಿ ನೋಡಬಹುದು. ನಮ್ಮ ರಿಪೋರ್ಟಿನ ಪೈ ಚಾರ್ಟಿನಲ್ಲಿ ಅದು ಸಿಗಲ್ಲ. ಕ್ಯಾಂಟೀನ್ ಬಗ್ಗೆ ಕ್ಯಾಂಟೀನಿನಲ್ಲೇ ಕೂತವರನ್ನು ಕೇಳಿ ಶೇಕಡಾ ಹಾಕಿಬಿಡ್ತೇವೆ.

ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಅದೇ ವರ್ಷ ಇನ್ನೂ ದೊಡ್ಡ ಪಟ್ಟಿ ಹಿಡಿದು ಬಂಗಾಳದ ಜಿಲ್ಲೆಗಳಿಗೆ ಹೊರಟ, 1814ರ ತನಕ ಅದೇ ಕೆಲಸ. ಮತ್ತೆ ಸ್ಕಾಟ್ಲೆಂಡಿಗೆ ಹೋಗಿ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡು, 1822ರಲ್ಲಿ ಗಂಗೆಯ ಮೀನುಗಳ ಮೇಲೆ ಪುಸ್ತಕ ಬರೆದ. ಮೀನಿಗೆ ತೀರುವೆಯ ಹೆದರಿಕೆ ಇಲ್ಲವಲ್ಲ! ರೋಹು ಮೀನಿನ ಶಾಸ್ತ್ರೀಯ ಹೆಸರಿನ ಪಕ್ಕ ಇವತ್ತಿಗೂ ಹ್ಯಾಮಿಲ್ಟನ್ ಅಂತಿದೆ. ತೀರಿಕೊಂಡದ್ದು 1829ರಲ್ಲಿ.