ಪೌಲ್ ಕ್ಲೇ ಎಂಬ ಚಿತ್ರಗಾರನ ಜೀವಚರಿತ್ರೆ

ಮಕ್ಕಳು ಸ್ಲೇಟಿನ ಮೇಲೂ ಪುಸ್ತಕಗಳ ಅಂಚಿನಲ್ಲಿಯೂ ಗೀಚುವ ಚಿತ್ರಗಳನ್ನು ದೊಡ್ಡವರಾದ ನಾವು ಬಹುಮಟ್ಟಿಗೆ ಕಾಲಹರಣವೆಂದೆಣಿಸುತ್ತೇವೆ. ಉಪಾಧ್ಯಾಯಿನಿಯಾದ ಮೊದಲ ವರುಷಗಳಲ್ಲಿ ನಾನೂ ಅಂಥ ಪುಟಗಳನ್ನು ಹರಿದು ಬಿಸುಟದ್ದುಂಟು. ಪೌಲ್ ಕ್ಲೇಯ ಜೀವಿತವನ್ನು ಓದಿದ ಬಳಿಕ ಆ ಕೆಲಸಕ್ಕಾಗಿ ನಾಚಿಕೊಂಡೆನು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಈತನ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸಬಯಸುತ್ತೇನೆ.

ಕ್ಲೇಯು 1879ನೆಯ ಇಸವಿ ದಶಂಬರ 18ರಲ್ಲಿ ಸ್ವಿಟ್ಜರ್ಲೆಂಡಿನ ಬೆರ್ನ್ ಪಟ್ಟಣದ ಸಮೀಪದ ಒಂದೂರಿನಲ್ಲಿ ಹುಟ್ಟಿದನು. ತಂದೆಯು ಜರ್ಮನಿ ದೇಶದವನು. ಉಪಾಧ್ಯಾಯರ ಶಿಕ್ಷಣಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದನು. ತಾಯಿಯೂ ಸಂಗೀತ ಕಲಿತವಳು. ಬಾಲಕನು ಪಿಟೀಲಿನಲ್ಲಿ ಎಷ್ಟು ನಿಪುಣನಾದನೆಂದರೆ ಚಿಕ್ಕಂದಿನಲ್ಲಿಯೇ ಬೆರ್ನ್ ಪಟ್ಟಣದ ವಾದ್ಯಮೇಳದಲ್ಲಿ ಬಾರಿಸಿದನು. ಚಿತ್ರ ಬರೆಯುವ ಆಸೆಯನ್ನು ಹುಟ್ಟಿಸಿದವಳಾದರೋ ಅಜ್ಜಿಯು. 1898ರಲ್ಲಿ ಈತನು ಚಿತ್ರಕಲೆಯನ್ನು ಕಲಿಯುವದಕ್ಕೆ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದನು; ಆದರೂ ಸಂಗೀತವನ್ನು ಕೈಬಿಡಲಿಲ್ಲ. ಸ್ವರಕ್ಕೆ ಸ್ವರವು ಹೊಂದುವಂತೆ ಬಣ್ಣಕ್ಕೆ ಬಣ್ಣವನ್ನು ಹೊಂದಿಸುವ ಕ್ರಮವನ್ನು ಈತನು ಅಲ್ಲಿಂದಲೇ ಕಲಿತನು.

ಮೊದಲು ಈತನು ರೇಖೆಯನ್ನೇ ಅಭ್ಯಾಸಮಾಡಿದನು. ಸತುವಿನ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀರಿ, ದ್ರಾವಕದಲ್ಲಿ ಅದ್ದಿದರೆ ಗೀರಿದ ಭಾಗವು ಮಾತ್ರ ಕೊರೆಯಲ್ಪಡುವದು. ಅದರಲ್ಲಿ ಮಸಿ ತುಂಬಿ ಕಾಗದವನ್ನೊತ್ತಿ ಚಿತ್ರವನ್ನು ತೆಗೆಯುವರು. 1903ರಿಂದ 1905ರ ವರೆಗೆ ಈ ವಿಧದಿಂದ ಮಾಡಿದ ಮಾಲೆಯಲ್ಲಿ ಹನ್ನೊಂದೇ ಚಿತ್ರಗಳಿವೆ. 1906ರಲ್ಲಿ ವಿವಾಹವಾಯಿತು. ಹೆಂಡತಿಯಾದ ಲಿಲಿಯು ಪಿಯಾನೋ ಪಾಠ ಹೇಳಿ ಸಂಸಾರವನ್ನು ನಡಿಸಿದಳು. ಕ್ಲೇಯು ಅಡಿಗೆ ಮಾಡಿ, ಮಗನಾದ ಫೇಲಿಕ್ಸನನ್ನು ಸಾಕುತ್ತಾ, ಅಡಿಗೆಮನೆಯಲ್ಲಿಯೇ ಚಿತ್ರ ಬರೆದನು. ಇದನ್ನು ಆತನು ಹೀನವೆಂದೆಣಿಸಲಿಲ್ಲ.

1911ರಲ್ಲಿ ಈತನು ತನ್ನ ಚಿತ್ರಗಳಿಗೆಲ್ಲಾ ಒಂದು ಪಟ್ಟಿಯನ್ನು ಆರಂಭಿಸಿದನು. ತಾನು ಮೂರು ನಾಲ್ಕು ವರುಷದ ಕೂಸಾಗಿದ್ದಾಗ ಬರೆದು, ಹೆತ್ತವರ ಮನೆಯಲ್ಲಿ ಉಳಿದಿದ್ದ ಚಿತ್ರಗಳಲ್ಲಿ ಕೆಲವನ್ನು ಅದರ ಮೊದಲಲ್ಲಿ ಸೇರಿಸಿದನು. ಕಲಾಶಾಲೆಯಲ್ಲಿ ಬರೆದ ಅಭ್ಯಾಸಗಳಲ್ಲಿ ಹೆಚ್ಚಿನವುಗಳನ್ನು ಬಿಟ್ಟುಬಿಟ್ಟನು.

1914ರ ಏಪ್ರಿಲಿನಲ್ಲಿ ಇಬ್ಬರು ಗೆಳೆಯರೊಂದಿಗೆ ಆಫ್ರಿಕದ ಟ್ಯುನೀಸಿಯಕ್ಕೆ ಹೋದನು. ಅಲ್ಲಿದ್ದದ್ದು ಎರಡು ವಾರಕ್ಕೂ ಕಡಿಮೆ. ಆದರೆ ಬಿಸಿಲಲ್ಲಿ ಹೊಳೆಯುವ ಕೈರುವಾನಿನ ಗುಮ್ಮಟಗಳನ್ನೂ ಗೋಡೆಗಳನ್ನೂ ನೋಡಿ, ಬಣ್ಣವು ತನಗೆ ವಶವಾಯಿತೆಂದು ಮನಗಂಡನು. ಅಂದಿನಿಂದ ಮನೆ, ತೋಟ, ಆಕಾಶಗಳು ಈತನ ಕೈಯಲ್ಲಿ ಬಣ್ಣದ ಚೌಕಗಳಾದವು. ಅದೇ ವರುಷ ಮಹಾಯುದ್ಧವು ತೊಡಗಿತು. ಆ ಗೆಳೆಯರಲ್ಲೊಬ್ಬನಾದ ಆಗಸ್ಟ್ ಮಾಕನು ಸೆಪ್ಟಂಬರದಲ್ಲಿ ರಣರಂಗದಲ್ಲಿ ಮಡಿದನು. ಕ್ಲೇಯೂ 1916ರಲ್ಲಿ ಸೈನ್ಯಕ್ಕೆ ಸೇರಬೇಕಾಗಿ ಬಂದು, ವಿಮಾನಗಳಿಗೆ ಬಣ್ಣ ಬಳಿಯುವ ಕೆಲಸಮಾಡಿದನು.

1921ರಿಂದ 1931ರ ವರೆಗೆ ಜರ್ಮನಿಯ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಪಾಠಕ್ಕಾಗಿ ಬರೆದಿಟ್ಟ ಟಿಪ್ಪಣಿಗಳು 3,000 ಪುಟಗಳಿಗೂ ಮಿಕ್ಕಿವೆ. ಎಲೆ, ಬೀಜ, ಚಿಪ್ಪುಗಳನ್ನು ಕೂಡಿಸಿ, ಅವು ಬೆಳೆಯುವ ಕ್ರಮವನ್ನು ಶೋಧಿಸಿದನು. ಬೇರು ಹೀರಿದ್ದನ್ನು ಕಾಂಡವು ಕೊಂಬೆಗೆ ಮುಟ್ಟಿಸುವಂತೆ ಚಿತ್ರಗಾರನು ಕಂಡದ್ದನ್ನು ಚಿತ್ರಕ್ಕೆ ಮುಟ್ಟಿಸುತ್ತಾನೆ, ಆದರೆ ಕೊಂಬೆಯು ಬೇರಿನ ಆಕಾರದಲ್ಲಿರುವದಿಲ್ಲವೆಂಬದೇ ಆತನ ಉಪದೇಶದ ಸಾರ. ಅನೇಕಾವರ್ತಿ ಚಿತ್ರವು ಮುಗಿದ ಮೇಲೆಯೇ ಅದಕ್ಕೆ ಹೆಸರಿಡುತ್ತಿದ್ದನು.

ಅಚ್ಚಿಗೂ ಚಿತ್ರಕ್ಕೂ ನಡುವಣ ಒಂದು ಉಪಾಯವನ್ನೂ ಕಂಡುಹಿಡಿದನು. ಕಾಗದಕ್ಕೆ ಕಪ್ಪು ಎಣ್ಣೆಬಣ್ಣವನ್ನು ಸವರಿ, ಬಿಳಿ ಹಾಳೆಯ ಮೇಲೆ ಕವುಚಿ, ಅದರ ಮೇಲೆ ತನ್ನ ರೇಖಾಚಿತ್ರವನ್ನಿಟ್ಟು ಸೂಜಿಯಿಂದ ತಿದ್ದುವನು. ಕೆಳಗಿನ ಹಾಳೆಯಲ್ಲಿ ಮೃದುವಾದ ರೇಖೆಯು ಮೂಡುವದು. ಕೈಯೂರಿದಲ್ಲಿ ಮಸಿಯ ಮಚ್ಚೆಗಳೂ ಬೀಳುವವು. ಆ ಮಚ್ಚೆಗಳನ್ನು ಅಳಿಸದೆ ಮೇಲೆ ನೀರುಬಣ್ಣವನ್ನು ಹಾಕುವನು. 1922ರ ಚಿಲಿಪಿಲಿ ಯಂತ್ರವೆಂಬ ಚಿತ್ರವು ಹೀಗೆ ಹುಟ್ಟಿತು. ಅದೇ ವರುಷದ ದಶಂಬರದಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲಿ ನಡೆದ ಪ್ರದರ್ಶನದಲ್ಲಿಯೂ ಈತನ ಚಿತ್ರಗಳಿದ್ದವು.

1933ರಲ್ಲಿ ನಾಜಿಗಳು ಈತನನ್ನು ಉದ್ಯೋಗದಿಂದ ತೆಗೆದುಹಾಕಲು ಬೆರ್ನಿಗೆ ಹಿಂತಿರುಗಿದನು. 1935ರಲ್ಲಿ ಚರ್ಮವು ಗಡುಸಾಗುವ ಘೋರ ರೋಗವು ಹಿಡಿಯಿತು. ಅನ್ನ ನುಂಗುವದೂ ಕಷ್ಟವಾಯಿತು. ಮರುವರುಷ ಮಾಡಿದ ಚಿತ್ರಗಳು 25 ಮಾತ್ರ. 1937ರಲ್ಲಿ ಈತನ ನೂರಕ್ಕೆ ಮಿಕ್ಕ ಕೃತಿಗಳನ್ನು ಜರ್ಮನಿಯ ಸಂಗ್ರಹಾಲಯಗಳಿಂದ ಹೊರಹಾಕಿ, ಕೆಲವನ್ನು ಮ್ಯೂನಿಕ್ಕಿನಲ್ಲಿ ಪರಿಹಾಸ್ಯಕ್ಕಾಗಿ ತೂಗಹಾಕಿದರು. ಕ್ಲೇಯು ಧೈರ್ಯಗೆಡಲಿಲ್ಲ. 1939ರ ಒಂದೇ ವರುಷದಲ್ಲಿ 1,200ಕ್ಕೂ ಹೆಚ್ಚು ಚಿತ್ರಗಳನ್ನು ಬರೆದನು. ಅವುಗಳಲ್ಲಿ ತಲೆ ತಗ್ಗಿಸಿ ಕೈಜೋಡಿಸಿದ ಮರೆಗುಳಿ ದೇವದೂತನ ಚಿತ್ರವೂ ಒಂದು. ಶಿಶುವಿನ ಕೈಬರಹದಂತೆ ಕೆಲವೇ ರೇಖೆಗಳು. 1940ನೆಯ ಇಸವಿ ಜೂನ್ 29ರಲ್ಲಿ ತೀರಿಕೊಂಡನು. ಹುಟ್ಟಿದ ನಾಡಿನ ಪೌರತ್ವಕ್ಕಾಗಿ ಅರಿಕೆಮಾಡಿಕೊಂಡಿದ್ದನು. ಅದು ದೊರೆಯುವ ಮುಂಚೆಯೇ ಮರಣವು ಬಂತು.

ಬರ್ಲಿನಿನಿಂದ ಹೊರಹಾಕಲ್ಪಟ್ಟ ಚಿಲಿಪಿಲಿ ಯಂತ್ರವು 1939ರಲ್ಲಿ ನ್ಯೂಯಾರ್ಕಿನ ಸಂಗ್ರಹಾಲಯವನ್ನು ಸೇರಿತು. 2005ರಲ್ಲಿ ಬೆರ್ನಿನಲ್ಲಿ ಈತನ ಹೆಸರಿನಲ್ಲಿ ದೊಡ್ಡ ಕಲಾಭವನವು ತೆರೆಯಲ್ಪಟ್ಟಿತು. ಇಂಥ ಚಿತ್ರವನ್ನು ಮಕ್ಕಳೂ ಬರೆದಾರೆಂದು ಕೆಲವರು ಹೇಳುವದುಂಟು. ಆ ಸರಳ ರೇಖೆಗೆ ಮರಳುವದಕ್ಕೆ ಒಂದು ಆಯುಷ್ಯದ ಪರಿಶ್ರಮವು ಬೇಕಾಯಿತೆಂಬದನ್ನು ಅವರು ತಿಳಿಯರು. ಹೆತ್ತವರೇ, ಕೂಸು ಬರೆದ ಹಾಳೆಯೊಂದನ್ನಾದರೂ ಪೆಟ್ಟಿಗೆಯಲ್ಲಿ ತೆಗೆದಿಡಿರಿ. ಅದು ಯಾವ ಪಟ್ಟಿಯ ಮೊದಲ ಸಾಲಾಗುವದೋ ಯಾರು ಬಲ್ಲರು!