ಮರಳಿನಿಂದೆದ್ದ ರಥ: ಪ್ಯಾರಿ ಥಾಮಸನ ಜೀವನ

ವೇಗವು ಈ ಯುಗದ ದೇವತೆ. ನಮ್ಮ ಅಣಶಿ ಘಟ್ಟವಿಳಿದು ಕದ್ರಾಕ್ಕೆ ಹೋಗುವ ಬಸ್ಸಿನ ಮೇಲೆ ಆ ದೇವತೆಯ ಕೃಪೆ ಅಷ್ಟಾಗಿ ಇಲ್ಲವೆಂಬುದು ಬೇರೆ ಮಾತು! ಆದರೆ ಅವಳಿಗೆ ತನ್ನ ಪ್ರಾಣವನ್ನೇ ಅರ್ಪಿಸಿದ ಒಬ್ಬ ಮಹಾ ಯಂತ್ರಶಿಲ್ಪಿಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜಾನ್ ಗಾಡ್‌ಫ್ರೆ ಪ್ಯಾರಿ ಥಾಮಸನು ವೇಲ್ಸಿನ ರೆಕ್ಸ್‌ಹ್ಯಾಮಿನಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಮಗನ ಒಲವು ಮಾತ್ರ ಯಂತ್ರಗಳ ಕಡೆಗೆ. ಲಂಡನ್ನಿನಲ್ಲಿ ಇಂಜಿನಿಯರಿಂಗ್ ಓದಿ, ಮುಂದೆ ಲೇಲ್ಯಾಂಡ್ ಕಂಪನಿಯ ಮುಖ್ಯ ಇಂಜಿನಿಯರನಾದನು. ಲೇಲ್ಯಾಂಡ್ ಎಂದರೆ ನಮಗೆ ಲಾರಿಯ ನೆನಪು. ಆ ಕಂಪನಿಗಾಗಿ ಥಾಮಸನು 1920ರಲ್ಲಿ ಎಂಟು ಸಿಲಿಂಡರಿನ ಐಷಾರಾಮಿ ಕಾರೊಂದನ್ನು ರೂಪಿಸಿದನು. ರೀಡ್ ರೈಲ್ಟನ್ ಎಂಬ ಪ್ರತಿಭಾವಂತ ತರುಣನು ಅವನ ಸಹಾಯಕನಾಗಿದ್ದನು. ಬೆಲೆ ವಿಪರೀತವಾದ್ದರಿಂದ ಕಾರು ಹೆಚ್ಚು ಮಾರಾಟವಾಗಲಿಲ್ಲ. ಥಾಮಸನು ನೌಕರಿ ಬಿಟ್ಟು ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದೊಳಗೇ ಮನೆ ಮಾಡಿದನು. ತಾನು ಕಟ್ಟಿದ ಕಾರನ್ನು ತಾನೇ ಓಡಿಸಿ ಪರೀಕ್ಷಿಸುವುದು ಅವನ ವ್ರತವಾಯಿತು.

1924ರಲ್ಲಿ ಕೌಂಟ್ ಜ್ಬೊರೊವ್ಸ್ಕಿ ಎಂಬ ಶ್ರೀಮಂತ ಚಾಲಕನು ಇಟಲಿಯ ಪಂದ್ಯದಲ್ಲಿ ಮಡಿದಾಗ, ಅವನ ದೈತ್ಯ ಕಾರನ್ನು ಥಾಮಸನು 125 ಪೌಂಡಿಗೆ ಕೊಂಡನು. ಅದರ 27 ಲೀಟರ್ ಇಂಜಿನ್ ಅಮೆರಿಕದ ವಿಮಾನದ್ದು. ಗೇರ್ ಪೆಟ್ಟಿಗೆ ಜರ್ಮನಿಯ ಬೆಂಜ್ ಕಾರಿನದು. ಥಾಮಸನು ಅದನ್ನು ಬಿಚ್ಚಿ ತಿದ್ದಿ, ಹೊಸ ಮೈ ತೊಡಿಸಿ, 'ಬಾಬ್ಸ್' ಎಂದು ನಾಮಕರಣ ಮಾಡಿದನು. 1926ರ ಏಪ್ರಿಲಿನಲ್ಲಿ ವೇಲ್ಸಿನ ಪೆಂಡೈನ್ ಕಡಲತೀರದಲ್ಲಿ ಗಂಟೆಗೆ 171 ಮೈಲು ಓಡಿಸಿ ವಿಶ್ವದಾಖಲೆ ಸ್ಥಾಪಿಸಿದನು. ಕಾರವಾರದ ಮರಳಿನ ಮೇಲೆ ನಡೆದವರಿಗೆ, ಅಲ್ಲಿ ಅಂಥ ವೇಗವೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

1927ರ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಬೆಲ್ಲನು ಅದೇ ತೀರದಲ್ಲಿ ಆ ದಾಖಲೆಯನ್ನು ಮುರಿದನು. ಮಾರ್ಚ್ 3ರಂದು ಅದನ್ನು ಮರಳಿ ಗೆಲ್ಲಹೊರಟ ಥಾಮಸನ ಕಾರು ಉರುಳಿ, ಅವನು ಸ್ಥಳದಲ್ಲೇ ಅಸುನೀಗಿದನು. ತಿಂಗಳು ತುಂಬುವುದರೊಳಗೆ ಸೀಗ್ರೇವನು ಅಮೆರಿಕದಲ್ಲಿ 200 ಮೈಲಿನ ಗಡಿಯನ್ನೇ ದಾಟಿದನು. ಗೆಳೆಯರು ಬಾಬ್ಸನ್ನು ಅಲ್ಲೇ ಮರಳಿನಲ್ಲಿ ಹೂತರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಕಾಲೇಜು ಉಪನ್ಯಾಸಕರು ಅನುಮತಿ ಪಡೆದು ಆ ಕಾರನ್ನು ಅಗೆದು ತೆಗೆದರು. ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದರು. ಕಾರಿನ ಸರಪಳಿ ಕಡಿದು ಥಾಮಸನಿಗೆ ಬಡಿಯಿತೆಂದು ಬಹುಕಾಲ ಜನ ನಂಬಿದ್ದರು. ಹೊರಬಂದ ಅವಶೇಷಗಳನ್ನು ಪರೀಕ್ಷಿಸಿದ ಮೇಲೆ, ಹಿಂಬದಿಯ ಗಾಲಿಯೇ ಮೊದಲು ಕೈಕೊಟ್ಟಿರಬೇಕೆಂಬ ಅಭಿಪ್ರಾಯ ಮೂಡಿತು. ನಲವತ್ತು ವರ್ಷಗಳ ಮಾತನ್ನು ತುಕ್ಕು ಹಿಡಿದ ಕಬ್ಬಿಣ ಪ್ರಶ್ನಿಸಿತು!

ಆದರೆ ಹೊಸ ಭಾಗಗಳನ್ನು ಸೇರಿಸಿದ ಮೇಲೂ ಅದು ಬಾಬ್ಸೇ ಏನು? ಲಾರಿ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದರೆ, ಆತ ಮೊದಲು ಚಾಸಿ ನಂಬರ್ ಎಲ್ಲಿ ಎನ್ನುತ್ತಾನೆ. ಇಂಜಿನ್ ಬದಲಾದರೂ ಗಾಡಿಯ ಗುರುತು ಉಳಿಯುವುದು ಚಾಸಿಯಲ್ಲಿ. ಹಳೆಯ ಪಂದ್ಯದ ಕಾರುಗಳ ವಂಶಾವಳಿ ಹುಡುಕುವವರ ದಾರಿಯೂ ಅದೇ: ಚಾಸಿಯ ಮೇಲಿನ ಅಂಕಿ, ಹಳೆಯ ಛಾಯಾಚಿತ್ರ, ಮೊಳೆ ಹೊಡೆದ ತೂತು, ಬೆಸುಗೆಯ ಗೆರೆ. ಥಾಮಸನ ಲೇಲ್ಯಾಂಡ್ ಕಾರುಗಳಲ್ಲಿ ಇಂದು ಉಳಿದಿರುವ ಒಂದೂ, ಅವನ ಮರಣಾನಂತರ ಬಿಡಿಭಾಗಗಳಿಂದ ಜೋಡಿಸಿದ್ದು. ಬಾಬ್ಸ್ ಹಾಗಲ್ಲ, ಥಾಮಸನು ಕೈಯಿಟ್ಟ ಚಾಸಿ ಅದರಲ್ಲಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಹಿರಿಯರ ಬಗ್ಗೆ ಬರೆದಿಟ್ಟ ಒಂದು ಸಾಲೂ ಇಲ್ಲ. ಉಳಿದಿರುವುದು ಅಜ್ಜನ ಕತ್ತಿ, ಹಿಡಿ ಸವೆದ ನೇಗಿಲು. ಕಾಗದವಿಲ್ಲದವರಿಗೆ ಚರಿತ್ರೆಯೇ ಇಲ್ಲವೆಂದು ನಾನು ಒಪ್ಪಲಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ದುಡಿದ ಕೈಗಳ ಗುರುತನ್ನು ಅವರು ಬಳಸಿದ ವಸ್ತುಗಳಲ್ಲಿಯೂ ಓದಲು ಕಲಿಯಬೇಕು. ಥಾಮಸನ ಬಾಳು ನಮಗೆ ಧೈರ್ಯವನ್ನು ಕಲಿಸುತ್ತದೆ. ಅವನ ಕಾರನ್ನು ಅಗೆದು ತೆಗೆದ ಉಪನ್ಯಾಸಕರ ಶ್ರಮ, ಸತ್ಯಕ್ಕಾಗಿ ಕೈ ಮಣ್ಣು ಮಾಡಿಕೊಳ್ಳಬೇಕೆಂಬುದನ್ನು ಕಲಿಸುತ್ತದೆ.